‘ಗುಂಡು ಸಿಕ್ಕಿಕೊಂಡಿದೆ’: ಯಾವ ಗುಂಡು, ಎಲ್ಲಿ?

ಬಳಗದ ಎಲ್ಲರಿಗೂ ನಮಸ್ಕಾರ.

ಪಿಸ್ತೂಲಿನಲ್ಲಿ ಗುರಿ ಅಭ್ಯಾಸ ಮಾಡಲು ಹೊಸದಾಗಿ ಸೇರುವವರಿಗಾಗಿ ಕೆಲವೇ ಪುಟಗಳ ಒಂದು ಕೈಪಿಡಿಯನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅಭ್ಯಾಸಕ್ಕೆಂದು ಕೊಳ್ಳುವ ಕಡಿಮೆ ಬೆಲೆಯ ಪಾಯಿಂಟ್ 22 (ಸುಮಾರು 0.22 ಇಂಚು ವ್ಯಾಸದ) ತೋಟಾಗಳು, ಅಂದರೆ ಕಾರ್ಟ್ರಿಜ್‌ಗಳು, ಅರೆ-ಸ್ವಯಂಚಾಲಿತ ಪಿಸ್ತೂಲಿನಲ್ಲಿ ಆಗಾಗ ತೊಡಕು ಕೊಡುತ್ತವೆ. ಯಾವ ತೊಡಕಿಗೆ ಏನು ಮಾಡಬೇಕು, ಅದಕ್ಕಿಂತ ಮುಖ್ಯವಾಗಿ ಏನು ಮಾಡಬಾರದು ಎಂಬುದೇ ಅದರ ವಿಷಯ. ಬರೆಯಲು ಕುಳಿತಾಗ ನನ್ನನ್ನು ತಡೆದು ನಿಲ್ಲಿಸಿದ್ದು ‘ಗುಂಡು ಸಿಕ್ಕಿಕೊಂಡಿದೆ’ ಎಂದು ನಾವೆಲ್ಲ ಸಲೀಸಾಗಿ ಆಡುವ ಮಾತು.

ಲೋಹದ ಚಿಪ್ಪು, ಅದರೊಳಗಿನ ಮದ್ದು, ತುದಿಯಲ್ಲಿ ಕೂರಿಸಿದ ಸೀಸದ ತುಂಡು, ಇವೆಲ್ಲ ಸೇರಿದ ಇಡೀ ವಸ್ತುವನ್ನೂ ನಾವು ಗುಂಡು ಎನ್ನುತ್ತೇವೆ. ನಳಿಗೆಯಿಂದ ಹೊರಟು ಗುರಿಯನ್ನು ತಾಗುವ ಆ ಸೀಸದ ತುಂಡನ್ನೂ ಗುಂಡು ಎನ್ನುತ್ತೇವೆ. ಪತ್ರಿಕೆಗಳು ಬರೆಯುವ ‘ಸಜೀವ ಗುಂಡು’ ಮೊದಲನೆಯ ಅರ್ಥದ್ದು, ‘ಕಾಲಿಗೆ ಗುಂಡು ತಗುಲಿತು’ ಎಂಬಲ್ಲಿನದು ಎರಡನೆಯದು. ದಿನನಿತ್ಯದ ಮಾತಿನಲ್ಲಿ ಇದರಿಂದ ಯಾರಿಗೂ ತೊಂದರೆಯಿಲ್ಲ. ಆದರೆ ತೋಟಾಗಳನ್ನು ತುಂಬಿಡುವ ಮ್ಯಾಗಜಿನ್ನಿನಿಂದ ಮೇಲೇರಿದ ತೋಟಾ ಓರೆಯಾಗಿ ನಿಂತರೂ ‘ಗುಂಡು ಸಿಕ್ಕಿಕೊಂಡಿದೆ’, ಹೊರಟ ಸೀಸ ನಳಿಗೆಯ ನಡುವೆ ನಿಂತುಬಿಟ್ಟರೂ ‘ಗುಂಡು ಸಿಕ್ಕಿಕೊಂಡಿದೆ’. ಮೊದಲನೆಯದರಲ್ಲಿ ಮ್ಯಾಗಜಿನ್ ತೆಗೆದು, ಸ್ಲೈಡನ್ನು (ಪಿಸ್ತೂಲಿನ ಮೇಲೆ ಹಿಂದೆ ಮುಂದೆ ಸರಿಯುವ ಭಾಗ) ಹಿಂದಕ್ಕೆಳೆದು ಆ ತೋಟಾವನ್ನು ಹೊರಹಾಕಿದರೆ ಸಾಮಾನ್ಯವಾಗಿ ಮುಗಿಯಿತು. ಎರಡನೆಯದರಲ್ಲಿ ಅದೇ ಅಭ್ಯಾಸಬಲದಿಂದ ಸ್ಲೈಡನ್ನು ಎಳೆದು ಇನ್ನೊಂದು ಹೊಡೆದರೆ, ಹಿಂದಿನಿಂದ ಬಂದ ಸೀಸ ಮುಂದಿನದಕ್ಕೆ ಬಡಿದು ನಳಿಗೆ ಉಬ್ಬಬಹುದು, ಸೀಳಿಯೂ ಹೋಗಬಹುದು.

ಆದ್ದರಿಂದ ಇಡೀ ವಸ್ತುವಿಗೆ ‘ತೋಟಾ’, ಹೊರಡುವ ತುಂಡಿಗೆ ಮಾತ್ರ ‘ಗುಂಡು’, ಉಳಿಯುವ ಲೋಹಕ್ಕೆ ‘ಚಿಪ್ಪು’ ಎಂದು ಗೊತ್ತುಮಾಡಿಕೊಂಡಿದ್ದೇನೆ. ‘ತೋಟಾವನ್ನು’, ‘ತೋಟಾದ’ ಎಂದು ದೀರ್ಘವನ್ನು ಉಳಿಸಿಕೊಂಡು ಬರೆದರೆ ಅಡಿಕೆ ತೋಟದೊಂದಿಗೆ ಗೊಂದಲವಾಗದು ಎಂದು ನಂಬಿದ್ದೇನೆ.

ತೊಡಕುಗಳ ಹೆಸರಿನ ಮಾತಿಗೆ ಬರುತ್ತೇನೆ. ಹೊಡೆದಾಗ ಹುಟ್ಟುವ ಒತ್ತಡವೇ ಸ್ಲೈಡನ್ನು ಹಿಂದಕ್ಕೆ ತಳ್ಳಬೇಕು. ಹಿಂದೆ ಸರಿಯುವ ಸ್ಲೈಡಿನ ಕೊಕ್ಕೆ ಖಾಲಿ ಚಿಪ್ಪನ್ನು ಸೆಳೆದು ಹೊರಗೆಸೆಯಬೇಕು. ಸ್ಪ್ರಿಂಗಿನ ಬಲದಿಂದ ಮುಂದೆ ಬರುವಾಗ ಅದೇ ಸ್ಲೈಡು ಹೊಸ ತೋಟಾವನ್ನು ಒಳಕ್ಕೆ ನೂಕಬೇಕು. ಮದ್ದಿನ ಬಲ ಕಡಿಮೆಯಾದರೆ ಸ್ಲೈಡು ಪೂರ್ತಿ ಹಿಂದೆ ಹೋಗದೆ, ಹೊರಬೀಳುತ್ತಿರುವ ಚಿಪ್ಪನ್ನೇ ಹಿಡಿದುಕೊಂಡು ಮುಚ್ಚುತ್ತದೆ. ಚಿಪ್ಪು ಅಲ್ಲಿ ನೆಟ್ಟಗೆ ನಿಲ್ಲುವುದರಿಂದ ಇಂಗ್ಲಿಷಿನವರು ಇದನ್ನು ಒಲೆಯ ಹೊಗೆಕೊಳವೆಗೆ ಹೋಲಿಸುತ್ತಾರೆ. ನಮಗೆ ಆ ಹೋಲಿಕೆ ಬೇಡ. ‘ಸ್ಲೈಡು ಚಿಪ್ಪನ್ನು ಕಚ್ಚಿಕೊಂಡಿದೆ’ ಎಂದರೆ ನೋಡದವನಿಗೂ ಚಿತ್ರ ಕಟ್ಟುತ್ತದೆ. ಇದರ ಬಗ್ಗೆ ನನಗೆ ಸಂದೇಹವಿಲ್ಲ.

ಸಂದೇಹವಿರುವುದು ಕುದುರೆ (ಟ್ರಿಗರ್) ಎಳೆದರೂ ಹಾರದ ತೋಟಾದ ಬಗ್ಗೆ. ‘ಹುಸಿ’ ಎಂಬ ಮಾತು ಮೊದಲು ನೆನಪಾಯಿತು, ಆದರೆ ‘ಗುರಿ ಹುಸಿಯಿತು’ ಎಂದರೆ ಗುರಿ ತಪ್ಪಿತು ಎಂದಾಗುತ್ತದೆ, ‘ಹುಸಿಗುಂಡು’ ಎಂದರೆ ಸೀಸವಿಲ್ಲದೆ ಸದ್ದಷ್ಟೇ ಮಾಡುವ ತೋಟಾ ಎಂದು ಓದುಗರು ತಿಳಿಯಬಹುದು. ‘ಠುಸ್’ ಇನ್ನೂ ಕಷ್ಟ, ಏಕೆಂದರೆ ಠುಸ್ ಪಟಾಕಿ ಸಿಡಿಯದ್ದೂ ಆಗಬಹುದು, ಅರೆಬರೆ ಸಿಡಿದದ್ದೂ ಆಗಬಹುದು. ಪಿಸ್ತೂಲಿನಲ್ಲಿ ಅರೆಬರೆ ಸಿಡಿದದ್ದೇ ನಳಿಗೆಯಲ್ಲಿ ಗುಂಡನ್ನು ನಿಲ್ಲಿಸುವಂಥದ್ದು. ಬೆಂಕಿಕಡ್ಡಿಯ ಮಾತನ್ನು ಎರವಲು ತಂದು ‘ಹೊತ್ತದ ತೋಟಾ’ ಎನ್ನಬಹುದೇ? ಪಾಯಿಂಟ್ 22ಕ್ಕೆ ಇದು ಹೊಂದುತ್ತದೆ: ಅದರಲ್ಲಿ ಬೇರೆ ಕೇಪು (ಬಡಿದಾಗ ಕಿಡಿ ಕೊಡುವ ಪುಟ್ಟ ಬಟ್ಟಲು) ಇಲ್ಲ, ಕಿಡಿ ಕೊಡುವ ಮದ್ದು ಚಿಪ್ಪಿನ ತಳದ ಅಂಚಿನೊಳಗೇ ಸುತ್ತಲೂ ಹರಡಿರುತ್ತದೆ, ಹರಡಿಕೆ ಸಮವಾಗಿಲ್ಲದಿದ್ದರೆ ಪಿಸ್ತೂಲಿನೊಳಗಿನ ಮೊಳೆ (ಫೈರಿಂಗ್ ಪಿನ್) ಸರಿಯಾಗಿ ಬಡಿದರೂ ಹೊತ್ತುವುದಿಲ್ಲ. ಅಂಚಿನ ಮೇಲಿನ ಗುರುತು ಆಳವಾಗಿದ್ದರೆ ತಪ್ಪು ಹೆಚ್ಚಾಗಿ ತೋಟಾದ್ದು, ಮೇಲುಮೇಲಿದ್ದರೆ ಪಿಸ್ತೂಲಿನತ್ತ ನೋಡಬೇಕು. ‘ತಡವಾಗಿ ಹೊತ್ತುವುದು’ ಎಂಬ ಜೊತೆಪದವೂ ಆಗ ತಾನಾಗಿ ಸಿಗುತ್ತದೆ. ಹಾರದ ಪಿಸ್ತೂಲನ್ನು ಕನಿಷ್ಠ 30 ಸೆಕೆಂಡು ಗುರಿಯತ್ತಲೇ ಹಿಡಿದಿರಬೇಕು ಎಂದು ಹೇಳುವುದು ತೋಟಾ ಹೀಗೆ ತಡವಾಗಿ ಹೊತ್ತಬಹುದೆಂಬ ಕಾರಣಕ್ಕೆ.

ಇನ್ನು ನಳಿಗೆಯಲ್ಲಿ ನಿಂತ ಗುಂಡು. ಸದ್ದು ಮೆತ್ತಗೆ, ಹಿನ್ನೂಕು ಇಲ್ಲವೆನ್ನುವಷ್ಟು ಕಡಿಮೆ. ಅಲ್ಲಿಗೇ ನಿಲ್ಲಿಸಿ, ಮ್ಯಾಗಜಿನ್ ತೆಗೆದು, ಒಳಗೆ ತೋಟಾ ಇಲ್ಲವೆಂದು ಖಚಿತಪಡಿಸಿಕೊಂಡು, ನಳಿಗೆ ತೆರವಾಗಿದೆಯೇ ಎಂದು ಪರೀಕ್ಷಿಸಬೇಕು. ಈ ಸ್ಥಿತಿಗೆ ಗುಂಡನ್ನು ಕರ್ತೃವಾಗಿಸದೆ ‘ನಳಿಗೆ ಕಟ್ಟಿದೆ’ ಎನ್ನಬೇಕೆಂಬುದು ನನ್ನ ಆಸೆ, ಮೂಗು ಕಟ್ಟಿದೆ ಎನ್ನುವ ಹಾಗೆ. ಚಿಕ್ಕದು, ಕೂಗಿ ಹೇಳಬಹುದಾದದ್ದು, ಬೇರೆ ಯಾವ ತೊಡಕಿನೊಂದಿಗೂ ಬೆರೆಯದು ಎಂದುಕೊಂಡಿದ್ದೆ. ಆದರೆ ಅಭ್ಯಾಸದ ತೋಟಾಗಳು ಮೇಣವನ್ನೂ ಮಸಿಯನ್ನೂ ಬಹಳ ಬಿಡುವುದರಿಂದ ‘ನಳಿಗೆಯಲ್ಲಿ ಮಸಿ ಕಟ್ಟಿದೆ’ ಎಂಬ ವಾಕ್ಯವೂ ಅದೇ ಕೈಪಿಡಿಯಲ್ಲಿ, ಶುಚಿಗೊಳಿಸುವ ಭಾಗದಲ್ಲಿ ಬರುತ್ತದೆ. ಒಂದು ‘ಕಟ್ಟು’ ಮುಚ್ಚಿಕೊಳ್ಳುವುದು, ಇನ್ನೊಂದು ಅಂಟಿಕೊಂಡು ಬೆಳೆಯುವುದು. ಗಾಬರಿಯಲ್ಲಿರುವ ಹೊಸಬರ ಕಿವಿಗೆ ಇವೆರಡೂ ಬೇರೆ ಬೇರೆಯಾಗಿ ಕೇಳಿಸುತ್ತವೆಯೇ, ಅಥವಾ ಮಸಿಗೆ ‘ಮೆತ್ತಿದೆ’ ಎಂದು ಬದಲಿಸಿ ‘ಕಟ್ಟು’ವನ್ನು ಈ ಒಂದು ಅಪಾಯಕ್ಕಷ್ಟೇ ಮೀಸಲಿಡಬೇಕೇ? ಕೋವಿಯ ಬಳಕೆ ಬಲ್ಲವರು ಇದಕ್ಕೆ ಬೇರೆಯದೇ ಮಾತನ್ನು ಆಡುತ್ತಿದ್ದರೆ ಅದನ್ನೂ ದಯವಿಟ್ಟು ತಿಳಿಸಿ.