ಪದಚರ್ಚೆ: ಗೆದ್ದವರ ಕೈಕೆಳಗೆ ಬದುಕಿದವರನ್ನು ಏನೆನ್ನೋಣ?

ನಮಸ್ಕಾರ.

ಇಲ್ಲಿ ಕಾಸರಗೋಡಿನ ನೀರ್ಚಾಲಿನಲ್ಲಿ ನಮ್ಮ ವಾಚನಾಲಯದ ಕೈಬರಹ ಪತ್ರಿಕೆಗೆ ಅಂಡಮಾನಿನ ಬಗ್ಗೆ ಬರೆಯುತ್ತಿದ್ದೇನೆ. 1942ರ ಮಾರ್ಚಿನಿಂದ 1945ರವರೆಗೆ ಅಲ್ಲಿ ಜಪಾನೀಯರದ್ದೇ ಆಳ್ವಿಕೆ. ಅವರ ಕೆಲಸ ಮಾಡಿಕೊಟ್ಟ ಊರವರಿಗೆ ಕನ್ನಡದಲ್ಲಿ ಯಾವ ಪದ ಹೊಂದುತ್ತದೆ?

‘ದೇಶದ್ರೋಹಿ’ ಅಂತ ಸುಮ್ನೆ ಬರೆದುಬಿಡಬಹುದು. ಆದರೆ ಯಾವ ದೇಶಕ್ಕೆ? ಬ್ರಿಟಿಷ್ ಪಡೆ ಆಗಲೇ ಜಾಗ ಖಾಲಿ ಮಾಡಿತ್ತು. 1943ರ ಡಿಸೆಂಬರಿನಲ್ಲಿ ನೇತಾಜಿ ಬಂದು ಪೋರ್ಟ್ ಬ್ಲೇರಿನಲ್ಲಿ ಬಾವುಟ ಹಾರಿಸಿದರು. ದ್ವೀಪಗಳು ಹೆಸರಿಗೆ ಅವರ ಆಜಾದ್ ಹಿಂದ್ ಸರ್ಕಾರದ್ದಾದವು, ಬಂದೂಕು ಮಾತ್ರ ಜಪಾನೀಯರ ಕೈಯಲ್ಲೇ. ರನ್‌ವೇ ಕೆಲಸಕ್ಕೆ ಊರವರನ್ನು ಎಳೆದೊಯ್ದರು. ಮೇಲಿನಿಂದ ಮಿತ್ರಪಡೆಗಳ ಬಾಂಬು ಬೇರೆ. (‘ಮಿತ್ರ’ ಅನ್ನುವ ಹೆಸರು ಕೆಳಗಿದ್ದವರಿಗೆ ಹೇಗೆ ಕೇಳಿಸಿತೋ!)

‘ಸಹಯೋಗಿ’ ಅಂದರೆ ನಮ್ಮ ಕಡೆ ಬಯಲಾಟದ ಕರಪತ್ರವೇ ಕಣ್ಣಮುಂದೆ ಬರುತ್ತದೆ. ‘ಶಾಮೀಲು’ ಲಂಚದ ಸುದ್ದಿಗೆ ಸರಿ, ‘ಚಾಡಿಕೋರ’ ಮನೆಜಗಳಕ್ಕೆ. ಇಲ್ಲಿ ಮಲಯಾಳದಲ್ಲಿ ‘ಒಟ್ಟುಕಾರನ್’ ಅನ್ನುತ್ತಾರೆ. ಅದು ಹಿಡಿದುಕೊಟ್ಟವನಿಗೆ, ಅನ್ನಕ್ಕಾಗಿ ದುಡಿದವನಿಗಲ್ಲ. ದುಡಿದವರಿಗೆ ‘ಹಂಗಿನಲ್ಲಿದ್ದವರು’ ಸಾಕೇನೋ.

ತೊಡಕು ಇರುವುದು ಹಿಡಿದುಕೊಟ್ಟವರದ್ದೇ. ಬ್ರಿಟಿಷರ ನಿಜವಾದ ಬೇಹುಗಾರರು 1943ರಲ್ಲಿ ಸಬ್‌ಮರೀನಿನಿಂದ ಇಳಿದು ಕಾಡು ಸೇರಿದ್ದರು. ಬೇಹುಗಾರಿಕೆಯ ಹೆಸರಿನಲ್ಲಿ ಜಪಾನೀಯರ ಕೈಯಲ್ಲಿ ಸತ್ತವರು ಊರವರು. ಹೊರನಾಡಿನ ಭಾರತೀಯರ ಸ್ವಾತಂತ್ರ್ಯ ಸಂಘಟನೆಯಾದ ಇಂಡಿಯನ್ ಇಂಡಿಪೆಂಡೆನ್ಸ್ ಲೀಗಿನ ಅಲ್ಲಿನ ಮುಂದಾಳು ಡಾ. ದಿವಾನ್ ಸಿಂಗ್ ಸೆಲ್ಯುಲರ್ ಜೈಲಿನಲ್ಲಿ ಚಿತ್ರಹಿಂಸೆಗೆ ಸಿಕ್ಕಿ ತೀರಿಕೊಂಡರು. ಆಮೇಲೆ 1944ರ ಜನವರಿ 30ರಂದು ದಕ್ಷಿಣ ಅಂಡಮಾನಿನ ಹಂಫ್ರೀಗಂಜಿನಲ್ಲಿ 44 ಮಂದಿಯನ್ನು ಗುಂಡಿಟ್ಟು ಕೊಂದರು. ಇದನ್ನು ‘ಜನಾಂಗಹತ್ಯೆ’ ಅನ್ನಿ ಅಂತ ಗೆಳೆಯರೊಬ್ಬರ ಸಲಹೆ. ನಾನು ಒಪ್ಪಲಾರೆ. 1948ರ ವಿಶ್ವಸಂಸ್ಥೆಯ ಒಪ್ಪಂದದ ಪ್ರಕಾರ ಒಂದು ಜನವರ್ಗವನ್ನು ಪೂರ್ತಿಯಾಗಿ ಇಲ್ಲವೇ ಭಾಗಶಃ ಇಲ್ಲವಾಗಿಸುವ ಉದ್ದೇಶ ಇರಬೇಕು. ‘ನರಮೇಧ’ದಲ್ಲಿ ಯಜ್ಞದ ವಾಸನೆ ಜಾಸ್ತಿ. ‘ಹತ್ಯಾಕಾಂಡ’ ಅಂತಲೇ ಇಡುತ್ತೇನೆ.

ಈಗ ನಿಜವಾದ ಪ್ರಶ್ನೆ. ಆ ಜೈಲಿನಲ್ಲಿ ಹೊಡೆತ ತಾಳಲಾರದೆ ಇನ್ನೊಬ್ಬರ ಹೆಸರು ಹೇಳಿದವರೂ ಇದ್ದರು. ‘ಬಾಯಿಬಿಟ್ಟರು’ ಅಂತ ಬರೆಯಲು ಮನಸ್ಸು ಬರುತ್ತಿಲ್ಲ. ಹಾಗಂದರೆ ಒಳಗೆ ಗುಟ್ಟೊಂದು ಇತ್ತು ಅಂತಾಗುತ್ತದೆ ಅಲ್ವಾ? ಇವರಲ್ಲಿ ಹೇಳುವುದಕ್ಕೆ ಏನೂ ಇರಲಿಲ್ಲ. ‘ತಪ್ಪೊಪ್ಪಿಕೊಂಡರು’ ಅಂದರೆ ಇನ್ನೂ ಕೆಟ್ಟದ್ದು, ತಪ್ಪು ನಡೆದಿತ್ತು ಅಂತಲೇ ಅರ್ಥ. ಮಾಡದ್ದನ್ನು ಮಾಡಿದೆ ಅಂತ ಹೊಡೆತಕ್ಕೆ ಹೇಳಿಬಿಡುವುದಕ್ಕೆ ನಿಮ್ಮ ಊರಿನ ಮಾತಿನಲ್ಲಿ ಒಂದು ಕ್ರಿಯಾಪದ ಇದೆಯೇ? ಹವ್ಯಕದಲ್ಲಿ, ಕುಂದಗನ್ನಡದಲ್ಲಿ ಇದ್ದರೂ ತಿಳಿಸಿ.