ಮಳೆಗಾಲಕ್ಕೆ ಮನೆಯಲ್ಲೊಂದು ಜನರೇಟರ್: ಹಾಕಿಸಲೋ, ಬೇಡವೋ?

ಒಂಟಿಮನೆ, ತೀರ್ಥಹಳ್ಳಿ:
ನಮ್ಮದು ಆಗುಂಬೆ ದಾರಿಯ ಒಳಗೆ ಒಂಟಿ ಮನೆ. ಕರೆಂಟಿನ ಲೈನು ಎರಡು ಕಿಲೋಮೀಟರ್ ಕಾಡಿನಲ್ಲೇ ಬರುತ್ತದೆ. ಕಳೆದ ಆಷಾಢದಲ್ಲಿ ಧೂಪದ ಮರವೊಂದು ತಂತಿಯ ಮೇಲೆ ಬಿದ್ದು ನಾಲ್ಕು ದಿನ ಕತ್ತಲೆ. ಹಿಂದೆಲ್ಲ ಚಿಮಣಿ ದೀಪ ಹಚ್ಚಿಕೊಂಡು ಮಲಗುತ್ತಿದ್ದೆವು. ಈಗ ಹಾಗಿಲ್ಲ, ಅಪ್ಪನಿಗೆ ರಾತ್ರಿಯೆಲ್ಲ ಆಕ್ಸಿಜನ್ ಕಾನ್ಸಂಟ್ರೇಟರ್, ಅಂದರೆ ಗಾಳಿಯಿಂದ ಆಮ್ಲಜನಕ ಬೇರ್ಪಡಿಸಿ ಕೊಡುವ ಕರೆಂಟಿನ ಯಂತ್ರ ಬೇಕು. ಇರುವ ಇನ್ವರ್ಟರ್‌ಗೆ 150 ಎಎಚ್‌ನ (ಆಂಪಿಯರ್-ಗಂಟೆ) ಒಂದೇ ಬ್ಯಾಟರಿ. ಅಂಗಡಿಯವರು 5 ಕೆವಿಎ ಡೀಸೆಲ್ ಜನರೇಟರ್ ಹಾಕಿಸಿ ಎನ್ನುತ್ತಿದ್ದಾರೆ. ಅನುಭವಸ್ಥರು ಹೇಳಿ.

ಬಯಲುಸೀಮೆಯವ:
ಡೀಸೆಲ್ ಯಾಕೆ ಸುಡುತ್ತೀರಿ? ಚಾವಣಿಗೆ ಸೋಲಾರ್ ಹಾಕಿಸಿ. ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಹಾಯಧನ ಬರುತ್ತದೆ. ದಾವಣಗೆರೆಯಲ್ಲಿ ನಮ್ಮ ಮನೆಯ ಬಿಲ್ಲು ಹೆಚ್ಚುಕಡಿಮೆ ಸೊನ್ನೆ.

ಕೊಪ್ಪದ ವೈರ್‌ಮನ್:
ಬಿಲ್ಲಿನ ಮಾತಲ್ಲ ಇದು. ಗ್ರಿಡ್‌ಗೆ ಜೋಡಿಸಿದ ಸಾಮಾನ್ಯ ಸೋಲಾರ್, ಲೈನಿನಲ್ಲಿ ಕರೆಂಟ್ ಹೋದ ಕ್ಷಣವೇ ತಾನೂ ನಿಲ್ಲುತ್ತದೆ. ಕಂಬ ಹತ್ತಿದವನಿಗೆ ನಿಮ್ಮ ಚಾವಣಿಯ ಕರೆಂಟ್ ಹೊಡೆಯಬಾರದೆಂದೇ ಹಾಗೆ ಮಾಡಿರುತ್ತಾರೆ. ಬ್ಯಾಟರಿ ಇರುವ ಹೈಬ್ರಿಡ್ ವ್ಯವಸ್ಥೆ ಬೇರೆ. ಆದರೆ ಆಗುಂಬೆಯ ಜುಲೈನಲ್ಲಿ ಸೂರ್ಯನನ್ನು ನಂಬಿ ಅಪ್ಪನಿಗೆ ಉಸಿರು ಕೊಡುವುದುಂಟೇ?

ಲೆಕ್ಕ ನೋಡಿ. 12 ವೋಲ್ಟ್, 150 ಎಎಚ್ ಎಂದರೆ ಕಾಗದದ ಮೇಲೆ 1,800 ವ್ಯಾಟ್-ಗಂಟೆ. ಸೋರಿಕೆ ಕಳೆದರೆ, ಪೂರ್ತಿ ಬರಿದು ಮಾಡದಿದ್ದರೆ ಕೈಗೆ ಸಿಗುವುದು ಸುಮಾರು 1,300. ನಿಮಿಷಕ್ಕೆ ಐದು ಲೀಟರ್ ಕೊಡುವ ಕಾನ್ಸಂಟ್ರೇಟರ್ ಸಾಧಾರಣವಾಗಿ 350 ವ್ಯಾಟ್ ಎಳೆಯುತ್ತದೆ. ನಾಲ್ಕು ಗಂಟೆಯೂ ಬರುವುದಿಲ್ಲ.

ಒಂಟಿಮನೆ, ತೀರ್ಥಹಳ್ಳಿ:
ಹೌದು, ಹತ್ತಕ್ಕೆ ಹಾಕಿದರೆ ಒಂದೂವರೆಗೆಲ್ಲ ಇನ್ವರ್ಟರ್ ಕೂಗಲು ಶುರುಮಾಡುತ್ತದೆ. ಹಾಗಾದರೆ 5 ಕೆವಿಎ ಸರಿಯೇ?

ಕೊಪ್ಪದ ವೈರ್‌ಮನ್:
ನೀರಿಗೆ ಮೋಟಾರ್ ಇದೆಯೇ?

ಒಂಟಿಮನೆ, ತೀರ್ಥಹಳ್ಳಿ:
ಇಲ್ಲ, ಗುಡ್ಡದಿಂದ ಅಬ್ಬಿ ನೀರು ಬರುತ್ತದೆ.

ಕೊಪ್ಪದ ವೈರ್‌ಮನ್:
ಹಾಗಿದ್ದರೆ ಅಂಗಡಿಯವರು ನಿಮಗೆ ಆನೆ ಮಾರುತ್ತಿದ್ದಾರೆ. ಅಷ್ಟು ದೊಡ್ಡ ಡೀಸೆಲ್ ಎಂಜಿನ್‌ಗೆ ನಾನೂರು ವ್ಯಾಟ್ ಹೊರೆ ಕೊಟ್ಟರೆ ಒಳಗೆ ಮಸಿ ಕಟ್ಟುತ್ತದೆ, ಡೀಸೆಲ್ಲೂ ದಂಡ. 2 ಕೆವಿಎ ಪೆಟ್ರೋಲ್ ಜನರೇಟರ್ ಸಾಕು. ಎರಡು ಬ್ಯಾಟರಿಯ 24 ವೋಲ್ಟ್ ಸೈನ್ ವೇವ್ (ಲೈನಿನ ಕರೆಂಟಿನಂಥದ್ದೇ ಅಲೆ ಕೊಡುವ) ಇನ್ವರ್ಟರ್ ಹಾಕಿಸಿ. ಹಳೆಯ ಬ್ಯಾಟರಿಗೆ ಹೊಸದನ್ನು ಜೋಡಿಸುವ ಉಳಿತಾಯ ಮಾತ್ರ ಬೇಡ, ಹಳೆಯದು ಹೊಸದನ್ನೂ ಕೆಡಿಸುತ್ತದೆ. ರಾತ್ರಿ ಏಳು ಗಂಟೆ ಇನ್ವರ್ಟರ್ ನಡೆಯಲಿ, ಹಗಲು ಜನರೇಟರ್ ಓಡಿಸಿ ಬ್ಯಾಟರಿ ತುಂಬಿಸಿ. ಫ್ರಿಜ್ಜೂ ಅದರಲ್ಲೇ ಓಡುತ್ತದೆ.

ಹಳ್ಳದ ಮನೆ, ಶಿರಸಿ:
ಪೆಟ್ರೋಲ್ ನೂರು ರೂಪಾಯಿ ದಾಟಿರುವಾಗ ಹಗಲೆಲ್ಲ ಎಂಜಿನ್ ಓಡಿಸುವುದೇ? ನಮ್ಮಲ್ಲಿ ಹಳ್ಳಕ್ಕೆ 1 ಕಿಲೋವ್ಯಾಟ್‌ನ ಪುಟ್ಟ ಟರ್ಬೈನ್ ಹಾಕಿದ್ದೇವೆ. ಕರೆಂಟ್ ಹೋಗುವುದೂ ಮಳೆಗಾಲದಲ್ಲೇ, ಹಳ್ಳ ತುಂಬುವುದೂ ಆಗಲೇ. ಅಬ್ಬಿ ನೀರು ಬರುವ ಮನೆಗೆ ಇದು ಹೊಳೆಯದಿದ್ದದ್ದೇ ಆಶ್ಚರ್ಯ.

ಒಂಟಿಮನೆ, ತೀರ್ಥಹಳ್ಳಿ:
ಆಸೆಯೇನೋ ಇದೆ. ಆದರೆ ಅರ್ಧ ರಾತ್ರಿಯಲ್ಲಿ ಪೈಪಿನ ಬಾಯಿಗೆ ದರಗು ಕಟ್ಟಿದರೆ ಬಿಡಿಸಲು ಕಂಬಳಿಕೊಪ್ಪೆ ಹಾಕಿಕೊಂಡು ಹೋಗುವವನು ನಾನೊಬ್ಬನೇ. ನಾನು ಊರಲ್ಲಿಲ್ಲದ ದಿನ?

ಹಳ್ಳದ ಮನೆ, ಶಿರಸಿ:
ಅದೊಂದು ನಿಜ. ನಮ್ಮ ಮನೆಯಲ್ಲಿ ಮೂರು ಜನ ಗಂಡುಮಕ್ಕಳಿದ್ದಾರೆ, ಮೂವರೂ ನಿದ್ದೆ ಬಂದವರಂತೆ ನಟಿಸುತ್ತಾರೆ.

ಸಿದ್ದಾಪುರದ ಸೊಸೆ:
ಜನರೇಟರ್ ಇದೆ ಎಂಬ ಧೈರ್ಯದ ಬಗ್ಗೆಯೂ ಒಂದು ಮಾತು. ನಮ್ಮದು ಹತ್ತು ತಿಂಗಳು ಗೋಣಿಚೀಲ ಹೊದ್ದು ಕೂತಿತ್ತು. ಬೇಕಾದ ರಾತ್ರಿ ಹಗ್ಗ ಎಳೆದೆಳೆದು ನನ್ನ ಭುಜ ಬಿದ್ದುಹೋಯಿತು, ಅದು ಮಾತ್ರ ಕೆಮ್ಮಲೂ ಇಲ್ಲ. ಹಳೆಯ ಪೆಟ್ರೋಲ್ ಕಾರ್ಬುರೇಟರಿನಲ್ಲಿ ಅಂಟಾಗಿತ್ತು, ಒಂದು ವೈರನ್ನು ಇಲಿ ತಿಂದಿತ್ತು. ಈಗ ಪ್ರತಿ ಅಮಾವಾಸ್ಯೆಗೆ ಹದಿನೈದು ನಿಮಿಷ ಓಡಿಸುತ್ತೇನೆ. ಅಮಾವಾಸ್ಯೆಯಾದರೆ ಮರೆಯುವುದಿಲ್ಲ, ಅಷ್ಟೇ.

ಮಳೆಗೆ ನೆನೆಯುತ್ತದೆಂದು ಸೌದೆ ಕೊಟ್ಟಿಗೆಯೊಳಗೆ ಮಾತ್ರ ಇಡಬೇಡಿ. ಹೊಗೆಯ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಮಲಗಿದವರು ಏಳುವುದಿಲ್ಲ.

ನರ್ಸಮ್ಮ:
ಎಲ್ಲರೂ ಯಂತ್ರದ ಮೇಲೆ ಯಂತ್ರ ಪೇರಿಸುತ್ತಿದ್ದೀರಿ. ಅಪ್ಪನಿಗೆ ಡಾಕ್ಟರ್ ನಿಮಿಷಕ್ಕೆ ಎಷ್ಟು ಲೀಟರ್ ಬರೆದಿದ್ದಾರೆ? ಎರಡು ಎಂದಾದರೆ, ಸುಮಾರು 1,500 ಲೀಟರ್ ಹಿಡಿಯುವ ಬಿ ಟೈಪ್ ಸಿಲಿಂಡರ್ ಒಂದು ಹನ್ನೆರಡು ಗಂಟೆ ಬರುತ್ತದೆ. ಅದಕ್ಕೆ ಕರೆಂಟೂ ಬೇಡ, ಹಗ್ಗವೂ ಬೇಡ. ರೆಗ್ಯುಲೇಟರ್ ಹಾಕುವುದನ್ನು ಮನೆಯಲ್ಲಿ ಇಬ್ಬರಾದರೂ ಕಲಿಯಿರಿ. ಒಲೆ, ದೇವರ ದೀಪ, ಚಿಮಣಿ ಎಲ್ಲದರಿಂದ ದೂರ ಇರಲಿ.

ಒಂಟಿಮನೆ, ತೀರ್ಥಹಳ್ಳಿ:
ಎರಡೇ ಲೀಟರ್. ಸಿಲಿಂಡರಿನ ಯೋಚನೆಯೇ ಬಂದಿರಲಿಲ್ಲ, ನಾಳೆಯೇ ವಿಚಾರಿಸುತ್ತೇನೆ. ಇನ್ವರ್ಟರ್ ಬದಲಿಸಿ, ಚಿಕ್ಕ ಜನರೇಟರ್ ತರುವುದೆಂದು ಮನೆಯಲ್ಲಿ ಮಾತಾಗಿದೆ. ಅಂಗಳದಾಚೆ ತಗಡಿನ ಮಾಡು ಮಾಡಿಸುತ್ತೇನೆ. ಸದ್ಯಕ್ಕೆ ಎರಡೂ ತುದಿಗೆ ಪಿನ್ ಇರುವ ವೈರು ಮಾಡಿ ಸಾಕೆಟ್‌ಗೆ ಸಿಕ್ಕಿಸಿದರೆ ನಡೆಯುತ್ತದೆ ಎಂದು ಪಕ್ಕದ ಮನೆಯವರು ಹೇಳಿದರು.

ಕೊಪ್ಪದ ವೈರ್‌ಮನ್:
ಆ ವೈರನ್ನು ಕತ್ತರಿಸಿ ಬಚ್ಚಲ ಒಲೆಗೆ ಹಾಕಿ. ಆ ಕರೆಂಟ್ ಮನೆಯಿಂದ ಹೊರಟು ಟ್ರಾನ್ಸ್‌ಫಾರ್ಮರ್ ತಲುಪಿದರೆ, ಅದು ತಿರುಗುಮುರುಗಾಗಿ ಕೆಲಸ ಮಾಡಿ 11 ಕೆವಿ (11,000 ವೋಲ್ಟ್) ಲೈನಿಗೇ ಜೀವ ಬರಬಹುದು. ನಿಮಗಾಗಿ ಮಳೆಯಲ್ಲಿ ಮರ ಕಡಿಯುತ್ತಿರುವ ಲೈನ್‌ಮನ್ ಅದೇ ತಂತಿ ಹಿಡಿದಿರುತ್ತಾನೆ. ನಾನು ಆ ಕೆಲಸ ಹನ್ನೊಂದು ವರ್ಷ ಮಾಡಿದವನು. ಮನೆಗೆ ಒಮ್ಮೆಗೆ ಲೈನು ಇಲ್ಲವೇ ಜನರೇಟರ್, ಒಂದನ್ನೇ ಜೋಡಿಸುವ ಚೇಂಜ್‌ಓವರ್ ಸ್ವಿಚ್ ಹಾಕಿಸಿ, ಲೈಸೆನ್ಸ್ ಇರುವವರಿಂದಲೇ. ಹಾಕಿಸಿದ ಮೇಲೆ ಅದರ ಫೋಟೊ ಇಲ್ಲಿ ಹಾಕಿ. ನೋಡದೆ ನಂಬುವುದಿಲ್ಲ.