ಒಹಾಯೊದಲ್ಲಿ ಜಿಂಕೆ ಬೇಟೆಗೆ ಯಾವ ರಿವಾಲ್ವರ್: .357 ಸಾಕೇ, .44 ಬೇಕೇ?

ಮದ್ದೂರಿನವನು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಮಂಡ್ಯ ಜಿಲ್ಲೆಯ ಮದ್ದೂರಿನ ಕಡೆಯವನು. ಉದ್ಯೋಗದ ನಿಮಿತ್ತ ಎಚ್-1ಬಿ ವೀಸಾದ ಮೇಲೆ ಅಮೆರಿಕದ ಒಹಾಯೊ ರಾಜ್ಯದ ಕೊಲಂಬಸ್‌ನಲ್ಲಿದ್ದೇನೆ. ಸದ್ಯ ತಂಗಿಯ ಮದುವೆಗೆಂದು ಊರಿಗೆ ಬಂದಿದ್ದೇನೆ. ಅಲ್ಲಿನ ಹಿರಿಯ ಸಹೋದ್ಯೋಗಿಯೊಬ್ಬರಿಗೆ ಮೆಕ್ಕೆಜೋಳ ಮತ್ತು ಸೋಯಾ ಬೆಳೆಯುವ ಜಮೀನಿದ್ದು, ಅದರ ಅಂಚಿನ ಕಾಡಿನಿಂದ ಬರುವ ಬಿಳಿಬಾಲದ ಜಿಂಕೆಗಳನ್ನು ಅವರು ಬಹಳ ವರ್ಷಗಳಿಂದ ರಿವಾಲ್ವರ್‌ನಲ್ಲಿಯೇ ಬೇಟೆಯಾಡುತ್ತ ಬಂದಿದ್ದಾರೆ. ಈ ಸಲದ ಬೇಟೆಯ ವಾರಕ್ಕೆ ನನ್ನನ್ನೂ ಕರೆದಿರುವುದರಿಂದ, ನಾನೇ ಒಂದನ್ನು ಕೊಳ್ಳಬೇಕೆಂಬ ಯೋಚನೆಯಲ್ಲಿದ್ದೇನೆ.

ಬಂದೂಕು ನನಗೆ ತೀರ ಹೊಸದಲ್ಲ. ತಾತನ ಕಾಲದ ಜೋಡಿನಳಿಗೆ ಬಂದೂಕು ನಮ್ಮ ಮನೆಯಲ್ಲಿದೆ. ಚುನಾವಣೆ ಬಂದಾಗಲೆಲ್ಲ ಅದನ್ನು ಠಾಣೆಗೆ ಒಪ್ಪಿಸಿ ರಸೀದಿ ತರುವ ಕೆಲಸ ನನ್ನದೇ ಆಗಿತ್ತು. ತಂದೆಯವರ ಬಳಿ ಲೈಸೆನ್ಸ್ ಇರುವ .32 ರಿವಾಲ್ವರ್ ಇದೆ. ಕೊಲಂಬಸ್‌ನ ಶೂಟಿಂಗ್ ರೇಂಜ್‌ನಲ್ಲಿ ಬಾಡಿಗೆಯ 9 ಎಂಎಂ ಪಿಸ್ತೂಲಿನಿಂದ ಆಗಾಗ ಅಭ್ಯಾಸ ಮಾಡಿದ್ದೇನೆ. ಈಗ .357 ಮ್ಯಾಗ್ನಮ್, .44 ಮ್ಯಾಗ್ನಮ್ ಮತ್ತು 10 ಎಂಎಂ ಈ ಮೂರು ಬಗೆಯ ಕಾಡತೂಸುಗಳಲ್ಲಿ ಯಾವುದನ್ನು ಆರಿಸಿಕೊಳ್ಳಲಿ ಎಂಬುದು ನನ್ನ ಪ್ರಶ್ನೆ. ನನ್ನ ಅಂಗೈ ಚಿಕ್ಕದು; .44ರ ಹಿಂದೊದೆತದ ಬಗ್ಗೆ ಕೇಳಿದ್ದೆಲ್ಲವೂ ಅಂಜಿಸುವಂತಿದೆ. ಈಗಾಗಲೇ ಕೈಗೆ ಹೊಂದಿರುವ 9 ಎಂಎಂ ಸಾಲುವುದಿಲ್ಲವೇ ಎಂಬುದನ್ನೂ ದಯವಿಟ್ಟು ತಿಳಿಸಿ.

ಸರಸ್ವತಿಪುರಂ ನಿವಾಸಿ

ಕ್ಯಾಲಿಬರ್, ಅಂದರೆ ಗುಂಡಿನ ವ್ಯಾಸದ ವಿಚಾರಕ್ಕೆ ಆಮೇಲೆ ಬರುತ್ತೇನೆ. ಅದಕ್ಕಿಂತ ಮುಖ್ಯವಾದದ್ದು ನಿಮ್ಮ ವೀಸಾ. ಅಮೆರಿಕದ ಕೇಂದ್ರ ಕಾನೂನಿನ ಪ್ರಕಾರ ಎಚ್-1ಬಿಯಂಥ ತಾತ್ಕಾಲಿಕ ವೀಸಾದಲ್ಲಿರುವವರು ಬಂದೂಕನ್ನಾಗಲಿ ಕಾಡತೂಸನ್ನಾಗಲಿ ಹೊಂದಿರುವಂತಿಲ್ಲ. ಇದಕ್ಕಿರುವ ಕೆಲವೇ ವಿನಾಯಿತಿಗಳಲ್ಲಿ ನಿಮಗೆ ಅನ್ವಯಿಸುವುದು ಒಂದು: ಅಲ್ಲಿನ ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಲೈಸೆನ್ಸ್ ನಿಮ್ಮ ಹೆಸರಿನಲ್ಲಿರಬೇಕು. ‘ಹೊಂದಿರುವುದು’ ಎಂದರೆ ಕೊಂಡುಕೊಳ್ಳುವುದು ಮಾತ್ರವಲ್ಲ. ರೇಂಜ್‌ನಲ್ಲಿ ಬಾಡಿಗೆಗೆ ಪಡೆದು ಕೈಯಲ್ಲಿ ಹಿಡಿದರೂ ಅದರ ವ್ಯಾಪ್ತಿಗೆ ಬರುತ್ತದೆ. ಆದ್ದರಿಂದ ಹಿಂದಿರುಗಿದ ಮೇಲೆ ಮೊದಲು ಬೇಟೆ ಲೈಸೆನ್ಸ್ ಮಾಡಿಸಿ, ಅಲ್ಲಿಯವರೆಗೆ ರೇಂಜ್‌ನತ್ತ ಹೋಗಬೇಡಿ. ಗ್ರೀನ್ ಕಾರ್ಡ್ ಅರ್ಜಿ ಹಾಕುವ ಆಲೋಚನೆಯಿದ್ದರೆ, ಈವರೆಗಿನ ಅಭ್ಯಾಸದ ಬಗ್ಗೆ ವಲಸೆ ವಕೀಲರೊಬ್ಬರನ್ನು ಕೇಳಿಟ್ಟುಕೊಳ್ಳುವುದೂ ಒಳ್ಳೆಯದು. ಮೊದಲ ಸಲ ಲೈಸೆನ್ಸ್ ಪಡೆಯುವವರು ಬೇಟೆಗಾರರ ಶಿಕ್ಷಣ ಕೋರ್ಸನ್ನು ಮುಗಿಸಿರಬೇಕು. ಜಿಂಕೆಗೆ ಪ್ರತ್ಯೇಕ ಪರ್ಮಿಟ್ ಬೇರೆ ಬೇಕು.

ಇನ್ನು ಬಂದೂಕು. ನಾನು ಆ ರಾಜ್ಯದಲ್ಲಿ ಬಹುಕಾಲ ಇದ್ದು, ಈಗ ಮೈಸೂರಿಗೆ ಬಂದು ನೆಲೆಸಿದವನು. ಜಿಂಕೆ ಬೇಟೆಯ ಹ್ಯಾಂಡ್‌ಗನ್‌ಗೆ ಒಹಾಯೊದಲ್ಲಿರುವ ನಿಯಮ ಸ್ಪಷ್ಟವಾಗಿದೆ: ನಳಿಕೆ ಕನಿಷ್ಠ 5 ಅಂಗುಲ ಉದ್ದವಿರಬೇಕು, ಕಾಡತೂಸು ನೇರ ಗೋಡೆಯದಾಗಿದ್ದು (ಬಾಯಿಯ ಬಳಿ ಕತ್ತಿನಂತೆ ಕಿರಿದಾಗದೆ) .357 ಅಥವಾ ಅದಕ್ಕಿಂತ ದೊಡ್ಡ ಕ್ಯಾಲಿಬರ್‌ನದಾಗಿರಬೇಕು. 9 ಎಂಎಂ ಗುಂಡಿನ ವ್ಯಾಸ .355 ಅಂಗುಲ. ಕೂದಲೆಳೆಯ ಅಂತರವಾದರೂ ನಿಯಮ ನಿಯಮವೇ, ಆದ್ದರಿಂದ ಅದರ ಮಾತು ಅಲ್ಲಿಗೆ ಮುಗಿಯಿತು. 10 ಎಂಎಂ ಕ್ಯಾಲಿಬರ್ ಲೆಕ್ಕದಲ್ಲಿ ಪಾಸಾಗುತ್ತದೆ, ಆದರೆ ಪಿಸ್ತೂಲು ಕೊಳ್ಳುವಾಗ ನಳಿಕೆಯ ಅಳತೆ ನೋಡಿಕೊಳ್ಳಬೇಕು. ಎಲ್ಲ ಅಂಗಡಿಗಳಲ್ಲೂ ಸಿಗುವ ಗ್ಲಾಕ್ 20ರ ನಳಿಕೆ 4.61 ಅಂಗುಲ ಮಾತ್ರ. ಅದೇ ಕಂಪನಿಯ ಗ್ಲಾಕ್ 40ರದ್ದು 6 ಅಂಗುಲ ದಾಟುತ್ತದೆ. ಪಕ್ಕದ ಪೆನ್ಸಿಲ್ವೇನಿಯಾಕ್ಕೆ ಹೋದರೆ ಅಲ್ಲಿ ಜಿಂಕೆಗೆ ಅರೆಸ್ವಯಂಚಾಲಿತ ಪಿಸ್ತೂಲನ್ನು ಬಳಸುವಂತೆಯೇ ಇಲ್ಲ. ರಾಜ್ಯದಿಂದ ರಾಜ್ಯಕ್ಕೆ ನಿಯಮ ಹೀಗೆ ಬದಲಾಗುವುದರಿಂದ, ಆಯಾ ವರ್ಷದ ನಿಯಮ ಪುಸ್ತಕವನ್ನು ಓದಿಯೇ ಹೊರಡಬೇಕು.

ನನ್ನ ಆಯ್ಕೆ .44 ಮ್ಯಾಗ್ನಮ್. 1955ರ ಸುಮಾರಿಗೆ ಬಂದ ಈ ಕಾಡತೂಸು ಮೂಲತಃ ಬೇಟೆಯವರ ಒತ್ತಾಯದಿಂದಲೇ ಹುಟ್ಟಿದ್ದು. 240 ಗ್ರೇನ್, ಅಂದರೆ ಸುಮಾರು ಹದಿನೈದೂವರೆ ಗ್ರಾಂ ತೂಕದ ಗುಂಡು ಸೆಕೆಂಡಿಗೆ ಸುಮಾರು 1,350 ಅಡಿ ವೇಗದಲ್ಲಿ ಹೊರಟಾಗ ಅದರ ಶಕ್ತಿ ಸುಮಾರು 1,300 ಜೌಲ್ ಆಗುತ್ತದೆ. .357ರ 158 ಗ್ರೇನ್ ಗುಂಡಿನದ್ದು 700 ಜೌಲ್‌ನ ಆಸುಪಾಸು, 9 ಎಂಎಂನದ್ದು 500ರೊಳಗೆ, ನಿಮ್ಮ ತಂದೆಯವರ.32ರದ್ದು 200ನ್ನೂ ಮುಟ್ಟುವುದಿಲ್ಲ. ಸಾಮಾನ್ಯ ಬೇಟೆ ರೈಫಲ್ 3,500 ಜೌಲ್‌ಗೂ ಹೆಚ್ಚು ಶಕ್ತಿ ಕೊಡುತ್ತದೆ ಎಂಬುದನ್ನು ನೆನೆದರೆ, .44 ಕೂಡ ದೊಡ್ಡದೇನಲ್ಲ. ರಿವಾಲ್ವರ್ ಭಾರವಿದ್ದಷ್ಟೂ ಒದೆತ ಕಡಿಮೆ. ಏಳೂವರೆ ಅಂಗುಲ ನಳಿಕೆಯ ರೂಗರ್ ಸೂಪರ್ ರೆಡ್‌ಹಾಕ್ ಒಂದೂವರೆ ಕಿಲೋ ತೂಗುತ್ತದೆ. ಸೊಂಟಕ್ಕೆ ಅದು ಹೊರೆಯೇ ಸರಿ, ಆದರೆ ಗುಂಡು ಹಾರಿಸುವಾಗ ಆ ತೂಕವೇ ಕೈಗೆ ಉಪಕಾರ ಮಾಡುತ್ತದೆ. ಅಭ್ಯಾಸಕ್ಕೆ ಅದೇ ರಿವಾಲ್ವರ್‌ನಲ್ಲಿ ಸೌಮ್ಯವಾದ .44 ಸ್ಪೆಷಲ್ ಕಾಡತೂಸನ್ನು ಹಾಕಬಹುದು.

ನಿವೃತ್ತ ಪಶುವೈದ್ಯ, ಮೈಸೂರು

ಬೇಟೆ ನನ್ನ ಅಭಿರುಚಿಯಲ್ಲ. ಆದರೂ ಬಂಡೀಪುರದ ಅಂಚಿನ ಊರುಗಳಲ್ಲಿ ಕೆಲಸ ಮಾಡುವಾಗ ಉರುಳಿಗೆ ಸಿಕ್ಕ, ಕಳ್ಳಬೇಟೆಯವರ ಗುಂಡು ತಿಂದು ತಪ್ಪಿಸಿಕೊಂಡ ಜಿಂಕೆಗಳ ಮರಣೋತ್ತರ ಪರೀಕ್ಷೆ ಮಾಡಿರುವುದರಿಂದ, ಗುಂಡು ದೇಹದೊಳಗೆ ಏನು ಮಾಡುತ್ತದೆ ಎಂಬುದರ ಬಗ್ಗೆ ನಾಲ್ಕು ಮಾತು ಹೇಳಬಲ್ಲೆ. ಬಿಳಿಬಾಲದ ಜಿಂಕೆ ನಮ್ಮ ಚುಕ್ಕೆ ಜಿಂಕೆಗಿಂತ ಸ್ವಲ್ಪ ದೊಡ್ಡದಿರಬಹುದು, ಆದರೆ ಒಳಗಿನ ರಚನೆ ಹೆಚ್ಚುಕಡಿಮೆ ಒಂದೇ.

ರೈಫಲ್ ಗುಂಡು ತನ್ನ ವೇಗದಿಂದ ಸುತ್ತಲಿನ ಅಂಗಾಂಶವನ್ನೂ ಹಿಗ್ಗಿಸಿ ಹರಿಯುತ್ತದೆ. ರಿವಾಲ್ವರ್ ಗುಂಡಿಗೆ ಆ ವೇಗವಿಲ್ಲ. ಅದು ತಾನು ಹಾದುಹೋದ ದಾರಿಯನ್ನಷ್ಟೇ ಕೊರೆಯುತ್ತದೆ. ಆದ್ದರಿಂದ ಪ್ರಾಣಿ ಬೇಗ ಸಾಯಬೇಕಾದರೆ ಆ ದಾರಿ ಎರಡೂ ಶ್ವಾಸಕೋಶಗಳನ್ನು ಅಥವಾ ಹೃದಯವನ್ನು ಹಾದಿರಲೇಬೇಕು. ಪ್ರಾಣಿ ಪೂರ್ತಿ ಅಡ್ಡಲಾಗಿ ನಿಂತಾಗ, ಮುಂಗಾಲಿನ ಹಿಂಬದಿಯ ಗೆರೆಗುಂಟ ಮೇಲೇರಿ, ಎದೆಯ ಎತ್ತರದ ಕೆಳಗಿನ ಮೂರನೇ ಒಂದು ಭಾಗ ಮುಗಿಯುವಲ್ಲಿ ಗುರಿಯಿಡಬೇಕು. ಎಂಟು ಅಂಗುಲದ ಊಟದ ತಟ್ಟೆಯಷ್ಟು ಜಾಗ ಅದು. ಅಲ್ಲಿಂದ ಒಂದು ಗೇಣು ಹಿಂದೆ ಸರಿದರೂ ಗುಂಡು ಹೊಟ್ಟೆಯ ಚೀಲಕ್ಕೆ ಬೀಳುತ್ತದೆ. ಅಂಥ ಪ್ರಾಣಿ ಗಂಟೆಗಟ್ಟಲೆ ನರಳಿ ಎಲ್ಲೋ ಪೊದೆಯಲ್ಲಿ ಸಾಯುತ್ತದೆ. ನಾನು ನೋಡಿದ ಬಹುಪಾಲು ದೇಹಗಳು ಅಂಥವೇ. ಎದುರಾಗಿ ಮುಖ ಮಾಡಿ ನಿಂತ ಜಿಂಕೆಗೆ ರಿವಾಲ್ವರ್‌ನಿಂದ ಹೊಡೆಯಲೇಬಾರದು.

ಈಡಾದ ಕೂಡಲೇ ಬೆನ್ನಟ್ಟಿ ಓಡುವುದು ತಪ್ಪು. ಗಾಯಗೊಂಡ ಪ್ರಾಣಿ ಒತ್ತಡವಿಲ್ಲದಿದ್ದರೆ ಹತ್ತಿರದಲ್ಲೇ ಮಲಗುತ್ತದೆ. ನಿಂತಿದ್ದ ಜಾಗಕ್ಕೆ ಹೋಗಿ ರಕ್ತವನ್ನು ನೋಡಿ: ನಸುಗೆಂಪಾಗಿ ನೊರೆನೊರೆಯಾಗಿದ್ದರೆ ಶ್ವಾಸಕೋಶ, ಅರ್ಧ ಗಂಟೆ ಕಾದರೆ ಸಾಕು. ಕಪ್ಪು ಛಾಯೆಯ ದಟ್ಟ ಕೆಂಪಾದರೆ ಯಕೃತ್ತು, ಇನ್ನಷ್ಟು ಹೆಚ್ಚು ಹೊತ್ತು ಕಾಯಬೇಕು. ಹಸಿರು ಮಿಶ್ರಿತವಾಗಿ, ಅರೆದ ಮೇವಿನ ವಾಸನೆಯಿದ್ದರೆ ಹೊಟ್ಟೆಯ ಚೀಲ. ಹಲವು ಗಂಟೆ ಬಿಟ್ಟು ಹುಡುಕಬೇಕು, ಆದರೆ ಹುಡುಕದೆ ಬಿಡುವಂತಿಲ್ಲ.

ಇದನ್ನು ಮಂಡ್ಯ, ಮೈಸೂರುಗಳಲ್ಲಿ ಓದುವವರಿಗಾಗಿ ಇನ್ನೊಂದು ಮಾತು ಸೇರಿಸುತ್ತೇನೆ. ಅರಸರ ಕಾಲದಲ್ಲಿ ಬಂಡೀಪುರ ಬೇಟೆಯ ಕಾಡಾಗಿತ್ತು ನಿಜ. 1973ರಲ್ಲಿ ಅದು ಹುಲಿ ಯೋಜನೆಗೆ ಸೇರಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ನಮ್ಮಲ್ಲಿ ಜಿಂಕೆ, ಕಡವೆಗಳ ಬೇಟೆ ಅಪರಾಧ. ಬೆಳೆ ರಕ್ಷಣೆಗೆ ಕೊಟ್ಟ ಬಂದೂಕಿನ ಲೈಸೆನ್ಸ್ ಜಿಂಕೆ ಹೊಡೆಯಲು ಕೊಟ್ಟ ಅನುಮತಿಯಲ್ಲ. ರಾಗಿ ಹೊಲಕ್ಕೆ ಜಿಂಕೆ ನುಗ್ಗಿದರೆ ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಕೊಡಬೇಕು. ಈ ಚರ್ಚೆಯಲ್ಲಿರುವ ಕ್ಯಾಲಿಬರ್ ಲೆಕ್ಕವೆಲ್ಲ ಒಹಾಯೊದ್ದು.

ಗುರಿಗಾರ, ಕುವೆಂಪುನಗರ

ಸರಸ್ವತಿಪುರಂನ ಹಿರಿಯರು ಕಾನೂನಿನ ಬಗ್ಗೆ ಹೇಳಿದ್ದನ್ನು ಪೂರ್ತಿ ಒಪ್ಪುತ್ತೇನೆ, .44ರ ಬಗ್ಗೆ ಹೇಳಿದ್ದನ್ನು ಒಪ್ಪುವುದಿಲ್ಲ. ಹುಡುಗರಿಗೆ ಪಿಸ್ತೂಲ್ ಗುರಿ ಹೇಳಿಕೊಡುವವನಾಗಿ ನಾನು ನಿತ್ಯ ನೋಡುವ ತೊಂದರೆಯೆಂದರೆ, ಸದ್ದಿಗೆ ಮತ್ತು ಒದೆತಕ್ಕೆ ಹೆದರಿದ ಕೈ ಗುಂಡು ಹಾರುವ ಮೊದಲೇ ನಳಿಕೆಯನ್ನು ಕೆಳಕ್ಕೆ ತಳ್ಳುವುದು. ಒಮ್ಮೆ ಅಂಟಿಕೊಂಡ ಈ ಅಭ್ಯಾಸವನ್ನು ಬಿಡಿಸಲು ತಿಂಗಳುಗಳೇ ಹಿಡಿಯುತ್ತವೆ. ಚಿಕ್ಕ ಅಂಗೈಯ, 9 ಎಂಎಂ ಮಾತ್ರ ಹಾರಿಸಿ ಗೊತ್ತಿರುವ ವ್ಯಕ್ತಿಯ ಕೈಗೆ ಬೇಟೆಯ ಹೊಸ್ತಿಲಲ್ಲಿ .44 ಕೊಡುವುದು ಈ ತೊಂದರೆಯನ್ನು ದುಡ್ಡು ಕೊಟ್ಟು ತಂದಂತೆ. ಐವತ್ತು ಗಜದೊಳಗೆ, ಸರಿಯಾದ ಗುಂಡಿನೊಂದಿಗೆ, .357 ಜಿಂಕೆಗೆ ಸಾಕು. ಆರು ಅಂಗುಲ ನಳಿಕೆಯ ರೂಗರ್ ಜಿಪಿ100 ಅಥವಾ ಅದೇ ಗಾತ್ರದ ಬೇರೆ ಯಾವುದಾದರೂ ಗಟ್ಟಿ ರಿವಾಲ್ವರ್ ಆಗುತ್ತದೆ. ಹಗುರವಾದ ಅಲಾಯ್ ಮಾದರಿಗಳ ಹತ್ತಿರ ಸುಳಿಯಬೇಡಿ.

‘ಸರಿಯಾದ ಗುಂಡು’ ಎಂಬುದನ್ನು ಒತ್ತಿ ಹೇಳುತ್ತೇನೆ. ಅಂಗಡಿಯಲ್ಲಿ ಆತ್ಮರಕ್ಷಣೆಗೆಂದು ಮಾರುವ 110, 125 ಗ್ರೇನ್‌ನ ಟೊಳ್ಳು ಮೂತಿಯ ಗುಂಡುಗಳು ಚರ್ಮ ದಾಟುತ್ತಲೇ ಅರಳಿ ಪಕ್ಕೆಲುಬಿನಲ್ಲೇ ಸುಸ್ತಾಗಬಹುದು. ಬೇಟೆಗೆ 158ರಿಂದ 180 ಗ್ರೇನ್‌ನ ಮೃದು ಮೂತಿಯ ಅಥವಾ ಗಟ್ಟಿ ಸೀಸದ ಚಪ್ಪಟೆ ಮೂತಿಯ ಗುಂಡು ಬೇಕು. ಅದು ಆಳಕ್ಕಿಳಿದು ಆಚೆ ಬದಿಗೆ ಹೊರಬರುವುದೇ ನಮಗೆ ಬೇಕಾದದ್ದು. ಎರಡು ತೂತಿದ್ದರೆ ರಕ್ತದ ಜಾಡು ಹಿಡಿಯುವುದೂ ಸುಲಭ.

ಅಭ್ಯಾಸಕ್ಕೆ .38 ಸ್ಪೆಷಲ್ ಬಳಸಿ, ಅಗ್ಗವೂ ಹೌದು, ಸೌಮ್ಯವೂ ಹೌದು. ಆದರೆ ಅದು .357ಕ್ಕಿಂತ ಗಿಡ್ಡವಾದ್ದರಿಂದ ಸಿಲಿಂಡರಿನ (ಕಾಡತೂಸು ತುಂಬುವ, ತಿರುಗುವ ಉರುಳೆಯ) ಕೋಣೆಯೊಳಗೆ ಅದರ ಬಾಯಿ ಮುಗಿಯುವಲ್ಲಿ ಮಸಿಯ ಬಳೆಯೊಂದು ಕಟ್ಟಿಕೊಳ್ಳುತ್ತದೆ. ಅದನ್ನು ಬ್ರಷ್ ಹಾಕಿ ತೆಗೆಯದೆ ಉದ್ದನೆಯ .357 ತುರುಕಿದರೆ ಒಳಗೆ ಹೋಗುವುದೂ ಕಷ್ಟ, ಹಾರಿಸಿದ ಮೇಲೆ ಹೊರತೆಗೆಯುವುದೂ ಕಷ್ಟ. ಇನ್ನೊಂದು ಮಾತು, ಪಿಸ್ತೂಲಿನಿಂದ ರಿವಾಲ್ವರ್‌ಗೆ ಬರುವವರಿಗೆ: ಎಡಗೈ ಹೆಬ್ಬೆರಳನ್ನು ಮುಂದಕ್ಕೆ ಚಾಚಿ ಹಿಡಿಯುವ ಪಿಸ್ತೂಲಿನ ಹಿಡಿತ ಇಲ್ಲಿ ನಡೆಯುವುದಿಲ್ಲ. ಸಿಲಿಂಡರ್ ಮತ್ತು ನಳಿಕೆಯ ನಡುವಿನ ಸಂದಿನಿಂದ ಬಿಸಿ ಅನಿಲ ಚೂರಿಯಂತೆ ಹೊರಚಿಮ್ಮುತ್ತದೆ. ಬೆರಳು ಅಲ್ಲಿದ್ದರೆ ಚರ್ಮ ಸೀಳುತ್ತದೆ. ಹೆಬ್ಬೆರಳುಗಳೆರಡೂ ಹಿಂದೆಯೇ, ಒಂದರ ಮೇಲೊಂದು ಇರಲಿ. ಕಿವಿಗೆ ಎಲೆಕ್ಟ್ರಾನಿಕ್ ಇಯರ್‌ಮಫ್ ಬೇಟೆಯ ದಿನವೂ ಕಡ್ಡಾಯ. 140 ಡೆಸಿಬಲ್ ದಾಟಿದ ಒಂದೇ ಸದ್ದು ಕಿವಿಗೆ ಹಾನಿ ಮಾಡಬಹುದು, ಮ್ಯಾಗ್ನಮ್ ರಿವಾಲ್ವರ್ ಅದನ್ನು ಎಷ್ಟೋ ಮೀರುತ್ತದೆ.

ದೂರವನ್ನು ನಿರ್ಧರಿಸುವ ಬಗೆ ಹೀಗೆ. ಡಾಕ್ಟರು ಹೇಳಿದ ಎಂಟು ಅಂಗುಲದ ಕಾಗದದ ತಟ್ಟೆಯನ್ನು ಇಪ್ಪತ್ತೈದು ಗಜದಲ್ಲಿಟ್ಟು, ಬೇಟೆಯಲ್ಲಿ ಕೂರುವ ಭಂಗಿಯಲ್ಲೇ ಕುಳಿತು, ಪ್ರತಿ ಗುಂಡಿಗೂ ಹಿಂಬದಿಯ ಹ್ಯಾಮರನ್ನು ಹೆಬ್ಬೆರಳಿನಿಂದ ಎಳೆದು, ಅಂದರೆ ಸಿಂಗಲ್ ಆ್ಯಕ್ಷನ್‌ನಲ್ಲಿ, ನಿಧಾನವಾಗಿ ಆರು ಗುಂಡು ಹಾರಿಸಿ. ಆರೂ ಒಳಗೆ ಬೀಳುತ್ತಿದ್ದರೆ ಹತ್ತು ಗಜ ಹಿಂದೆ ಸರಿಯಿರಿ. ಒಂದು ಹೊರಬಿದ್ದ ಕ್ಷಣ, ಅದರ ಹಿಂದಿನ ದೂರವೇ ನಿಮ್ಮ ಗಡಿ. ಅದು ಮೂವತ್ತೈದು ಗಜವೇ ಆಗಿದ್ದರೆ ಮೂವತ್ತಾರನೆಯ ಗಜದಲ್ಲಿ ನಿಂತ ಜಿಂಕೆಯನ್ನು ನೋಡಿ ಸುಮ್ಮನಿರಬೇಕು.

ಸರಸ್ವತಿಪುರಂ ನಿವಾಸಿ

ಕೈ ಚಿಕ್ಕದೆಂಬ ಮಾತಿಗೆ ನಾನು ಸಾಕಷ್ಟು ಬೆಲೆ ಕೊಟ್ಟಿರಲಿಲ್ಲ, ಮೊದಲ ವರ್ಷಕ್ಕೆ.357 ಎಂಬುದನ್ನು ಒಪ್ಪಬಹುದು. ಆದರೆ ಜಮೀನಿನ ಅಂಚಿನಲ್ಲಿ ಕಾಯುವವರಿಗೆ ಜಿಂಕೆ ಎಂಬತ್ತು ಗಜದಲ್ಲೇ ಕಾಣಿಸಿಕೊಳ್ಳುವುದು ಹೆಚ್ಚು. ಆಗ .357 ಹಿಡಿದವರು ನೋಡುತ್ತ ಕೂರಬೇಕು, .44ರಲ್ಲಿ ಪಳಗಿದವರಿಗೆ ಅವಕಾಶವಿರುತ್ತದೆ. ಸಹೋದ್ಯೋಗಿಯ ಬಳಿ .44 ಇರುವುದಾದರೆ, ಲೈಸೆನ್ಸ್ ಬಂದ ಮೇಲೆ ಅವರದ್ದರಲ್ಲೇ ಮೊದಲು .44 ಸ್ಪೆಷಲ್, ಆಮೇಲೆ ಮ್ಯಾಗ್ನಮ್ ಹಾರಿಸಿ ನೋಡಿ, ಕೊಳ್ಳುವುದು ಆಮೇಲಾಗಲಿ.

ಮದ್ದೂರಿನವನು

ಮೂವರಿಗೂ ಅನಂತ ಧನ್ಯವಾದಗಳು. ವೀಸಾದ ವಿಚಾರವನ್ನು ರೇಂಜ್‌ನಲ್ಲಿ ಯಾರೂ ಹೇಳಿರಲಿಲ್ಲ. ವಕೀಲರಿಗೆ ಇವತ್ತೇ ಇಮೇಲ್ ಕಳಿಸಿದ್ದೇನೆ. ಕೋರ್ಸಿಗೆ ಊರಿನಿಂದಲೇ ಹೆಸರು ನೋಂದಾಯಿಸುತ್ತೇನೆ. ಆರು ಅಂಗುಲದ .357 ಎಂದು ಸದ್ಯಕ್ಕೆ ತೀರ್ಮಾನಿಸಿದ್ದೇನೆ. ಸಹೋದ್ಯೋಗಿಯನ್ನು ಕೇಳಿದೆ: ಅವರು ಕೂರುವ ಮರದ ಅಟ್ಟದಿಂದ ಜಿಂಕೆಗಳು ದಾಟುವ ಹಾದಿಗೆ ನಲವತ್ತು ಗಜವೂ ಇಲ್ಲವಂತೆ. ನಳಿಕೆಯನ್ನು ಅಟ್ಟದ ಕಂಬಿಗೆ ಆನಿಸಿ ಗುರಿಯಿಡಬಹುದೇ?

ಗುರಿಗಾರ, ಕುವೆಂಪುನಗರ

ನಳಿಕೆಯನ್ನು ಕಂಬಿಗೆ ಆನಿಸಬೇಡಿ. ಗಟ್ಟಿ ವಸ್ತುವಿಗೆ ತಾಗಿದ ನಳಿಕೆ ಗುಂಡನ್ನು ಬೇರೆಡೆಗೆ ಎಸೆಯುತ್ತದೆ. ಮುಂಗೈಯನ್ನೋ ಮಣಿಕಟ್ಟನ್ನೋ ಕಂಬಿಯ ಮೇಲಿಟ್ಟು, ನಡುವೆ ಮಡಿಸಿದ ಟವೆಲ್ ಇಟ್ಟುಕೊಳ್ಳಿ. ಅಟ್ಟದ ಮೇಲೆ ಸುರಕ್ಷತಾ ಬೆಲ್ಟ್ ಬಿಚ್ಚಬೇಡಿ. ರಿವಾಲ್ವರನ್ನು ಹತ್ತುವಾಗ ಕೈಯಲ್ಲಿ ಹಿಡಿಯದೆ, ಖಾಲಿ ಮಾಡಿ ಹಗ್ಗದಲ್ಲಿ ಮೇಲಕ್ಕೆಳೆದುಕೊಂಡು, ಕುಳಿತ ಮೇಲೆ ಕಾಡತೂಸು ತುಂಬಿ.

ಸರಸ್ವತಿಪುರಂ ನಿವಾಸಿ

ರೇಂಜ್‌ಗೆ ಒಯ್ಯುವ ಚೀಲವನ್ನು ಊರಿಗೆ ಬರುವ ಪ್ರಯಾಣಕ್ಕೆ ಬಳಸಬೇಡಿ. ಜೇಬಿನ ಮೂಲೆಯಲ್ಲಿ ಉಳಿದ ಒಂದೇ ಕಾಡತೂಸು ಬೆಂಗಳೂರು ವಿಮಾನ ನಿಲ್ದಾಣದ ಎಕ್ಸ್‌ರೇಯಲ್ಲಿ ಕಂಡರೂ ಶಸ್ತ್ರಾಸ್ತ್ರ ಕಾಯ್ದೆಯಡಿ ಪ್ರಕರಣ ದಾಖಲಾಗಬಹುದು.